ತುಕ್ಕಿನ ಮೇಲೆ ಬಳಿದ ಬಣ್ಣ

(ಸಂತ ಕ್ರಿಸ್ಟೋಫರರ ಸ್ಮರಣೆಯಲ್ಲಿ ವಾಹನಗಳನ್ನು ಆಶೀರ್ವದಿಸುವ ದಿನ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದು ಜುಲೈ 25. ಧರ್ಮಸಭೆಯ ಪಂಚಾಂಗದಲ್ಲಿ ಇದು ಪ್ರೇಷಿತ ಸಂತ ಯಕೋಬರ ಹಬ್ಬ. ಸಂತ ಕ್ರಿಸ್ಟೋಫರರನ್ನು ನೆನೆಯುತ್ತಿದ್ದ ದಿನವೂ ಇದೇ. 1969ರಲ್ಲಿ ಧರ್ಮಸಭೆ ತನ್ನ ಪಂಚಾಂಗವನ್ನು ಪರಿಷ್ಕರಿಸಿದಾಗ ಅವರ ಸ್ಮರಣೆಯನ್ನು ಆಯಾ ಸ್ಥಳೀಯ ಧರ್ಮಸಭೆಗಳಿಗೆ ಬಿಟ್ಟುಕೊಟ್ಟಿತು. ಅವರು ಸಂತರ ಪಟ್ಟಿಯಿಂದ ಹೊರಗೆ ಹೋದರೆಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಡ್ರೈವರುಗಳ ಎದುರಿನ ಕನ್ನಡಿಯ ಪಕ್ಕದಲ್ಲಿ ಅವರು ಇನ್ನೂ ಭದ್ರವಾಗಿ ಕುಳಿತಿದ್ದಾರೆ.

ಅವರ ಕಥೆ ನಮಗೆಲ್ಲ ಗೊತ್ತು, ಆದರೆ ಅರ್ಧ ಮಾತ್ರ. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದರು, ನಡುಹೊಳೆಯಲ್ಲಿ ಮಗು ಲೋಕವೇ ಮೇಲೆ ಬಿದ್ದಂತೆ ಭಾರವಾಯಿತು, ಆ ಮಗು ಯೇಸುವೇ ಆಗಿದ್ದರು. ಇದು ಕಥೆಯ ಎರಡನೆಯ ಭಾಗ. ಮೊದಲನೆಯ ಭಾಗವನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಹದಿಮೂರನೆಯ ಶತಮಾನದಲ್ಲಿ ಯಕೋಬ ದ ವೊರಾಜಿನೆ ಎಂಬ ಗುರುಗಳು ಬರೆದಿಟ್ಟ ಸಂತರ ಚರಿತ್ರೆಯಲ್ಲಿ ಅದು ಹೀಗಿದೆ: ಈ ದೈತ್ಯದೇಹಿ ಲೋಕದ ಅತಿ ಬಲಶಾಲಿಗೇ ಸೇವೆ ಮಾಡಬೇಕೆಂದು ಮೊದಲು ಒಬ್ಬ ರಾಜನಲ್ಲಿ ಆಳಾದ. ರಾಜನು ಸೈತಾನನಿಗೆ ಹೆದರುವುದನ್ನು ಕಂಡು, ಅವನನ್ನು ಬಿಟ್ಟು ಸೈತಾನನ ಬಳಿಯೇ ಚಾಕರಿಗೆ ಸೇರಿದ. ಸೈತಾನ ದಾರಿಬದಿಯ ಶಿಲುಬೆ ಕಂಡು ಸುತ್ತುಬಳಸಿ ಹೋದಾಗ ಅವನನ್ನೂ ಬಿಟ್ಟ. ಹೊಳೆಯ ದಡಕ್ಕೆ ಬಂದದ್ದು ಆಮೇಲೆ.

ಪ್ರಿಯರೇ, ಒಬ್ಬ ಸಂತನ ಚರಿತ್ರೆ ಬರೆಯುವವರು ಆ ನಡುವಿನ ಚಾಕರಿಯನ್ನು ಸುಲಭವಾಗಿ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೊರಗೆ ನಿಂತಿರುವ ಒಂದು ಹಳೆಯ ಕಾರಿನ ಕಡೆಗೆ ಹೋಗೋಣ. ಅಂಗಳದಲ್ಲಿ ಟ್ರ್ಯಾಕ್ಟರು, ಟಂಟಂ, ಬೈಕುಗಳ ಸಾಲಿನ ಕೊನೆಗೆ ಬೂದುಬಣ್ಣದ ಗುಂಡು ಬೆನ್ನಿನ ಕಾರೊಂದಿದೆ. ಬಲಿಪೂಜೆಗೆ ಮುಂಚೆ ಮಕ್ಕಳೆಲ್ಲ ಅದರ ಸುತ್ತಲೇ ಇದ್ದರು. ದೊಡ್ಡವರೂ ಇದ್ದರು.

ಅದು ಆಸ್ಟಿನ್ ಎ40. ಇಂಗ್ಲೆಂಡಿನ ಆಸ್ಟಿನ್ ಕಂಪನಿ ಈ ಮಾದರಿಯನ್ನು ಹೊರತಂದದ್ದು 1947ರಲ್ಲಿ. ನಾಲ್ಕು ಸಿಲಿಂಡರು, 1200 ಸಿಸಿ. ಮದ್ರಾಸಿನ ಬಳಿಯ ಎಣ್ಣೂರಿನಲ್ಲಿ 1948ರಲ್ಲಿ ಆರಂಭವಾದ ಅಶೋಕ್ ಮೋಟಾರ್ಸ್ ಈ ಕಾರುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸಿ ಮಾರುತ್ತಿತ್ತು. ಅದೇ ಕಂಪನಿ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಎಷ್ಟೋ ಲಾರಿಗಳಿಗೆ ಈ ಪುಟ್ಟ ಕಾರು ಒಂದು ರೀತಿಯಲ್ಲಿ ಅಜ್ಜ.

ಇದು ಬ್ಯಾಡಗಿಯ ಒಂದು ವ್ಯಾಪಾರಿ ಮನೆತನಕ್ಕೆ ಸೇರಿದ್ದು. ಅವರು ನಮ್ಮ ಧರ್ಮದವರಲ್ಲ, ನಮ್ಮ ಸ್ನೇಹಿತರು. ನಲವತ್ತು ವರ್ಷ ಗೋದಾಮಿನ ಹಿಂದೆ ನಿಂತು ಕೋಳಿಗೂಡಾಗಿದ್ದ ಕಾರನ್ನು ಮೊಮ್ಮಗ ಎತ್ತಿಸಿ ರಾಣೆಬೆನ್ನೂರಿನ ಗ್ಯಾರೇಜಿಗೆ ಒಯ್ದರು. ಈ ಕಥೆಯನ್ನು ಅವರ ಒಪ್ಪಿಗೆಯಿಂದಲೇ, ಅಲ್ಲ, ಅವರ ಒತ್ತಾಯದಿಂದಲೇ ಹೇಳುತ್ತಿದ್ದೇವೆ.

ಹಳೆಯ ಕಾರು ಸರಿಪಡಿಸುವುದು ಎಂದರೆ ಬಣ್ಣ ಹೊಡೆಸುವುದು ಎಂದು ನಮ್ಮಲ್ಲಿ ಬಹುಜನರ ತಿಳುವಳಿಕೆ. ಟಿಂಕರಿಂಗ್ ಮೇಸ್ತ್ರಿ ಮೊದಲು ಮಾಡಿದ್ದು ಇದ್ದ ಬಣ್ಣವನ್ನೆಲ್ಲ ತೆಗೆದದ್ದು. ಕಬ್ಬಿಣಕ್ಕೆ ನೀರೂ ಗಾಳಿಯೂ ತಾಗಿದರೆ ತುಕ್ಕಾಗುತ್ತದೆ. ಆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಒಳಗಿನಿಂದ ಉಬ್ಬಿ ಮೇಲಿನ ಬಣ್ಣವನ್ನು ಎತ್ತುತ್ತದೆ. ಮೇಲೆ ಕಾಣುವುದು ಕಡಲೆಕಾಳಿನಷ್ಟು ಗುಳ್ಳೆ. ಉಳಿಯಿಂದ ಕೆರೆದರೆ ಕೆಳಗೆ ಅಂಗೈಯಗಲ ತಗಡೇ ಇರುವುದಿಲ್ಲ. ಬಾಗಿಲುಗಳ ಕೆಳಅಂಚು, ಚಕ್ರದ ಮೇಲಿನ ಕಮಾನು, ಕಾಲಿಡುವ ಜಾಗದ ಚಾಪೆಯ ಅಡಿ, ನೀರು ನಿಂತು ಯಾರ ಕಣ್ಣಿಗೂ ಬೀಳದ ಜಾಗಗಳೇ ಮೊದಲು ತೂತಾಗುತ್ತವೆ. ಅಲ್ಲಿಗೆ ಪುಟ್ಟಿ ತುಂಬಿ ತಿಕ್ಕಿ ಬಣ್ಣ ಹೊಡೆದರೆ ಒಂದು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಮಾರುವವರಿಗೆ ಅಷ್ಟು ಸಾಕು.

ಈ ಮೇಸ್ತ್ರಿ ಹಾಗೆ ಮಾಡುವವರಲ್ಲ. ಕಾರಿನ ಮೈಯನ್ನು ಚಾಸಿಯಿಂದ ಬಿಚ್ಚಿ ಎತ್ತಿಸಿದರು. ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕೊಳೆತದ್ದನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಸುತ್ತಿಗೆಯಿಂದ ಬಾಗಿಸಿ ಬೆಸುಗೆ ಹಾಕಿದರು. ಎಂಜಿನ್ ಪೂರಾ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಸಿಲಿಂಡರಿಗೆ ಸುರಿದು ಎಂಟು ದಿನ ಮುಟ್ಟದೆ ಬಿಟ್ಟರು. ಮೊಮ್ಮಗನಿಗೆ ಅವಸರ. ಮೇಸ್ತ್ರಿ, "ಜೋರ್ ಮಾಡಿದ್ರ ಮುರೀತೈತ್ರೀ, ನೆನೀಲಿ ಬಿಡ್ರಿ" ಅಂದರಂತೆ. ಒಂಬತ್ತನೆಯ ದಿನ ಕೈಯಿಂದಲೇ ತಿರುಗಿತು. ನಮ್ಮ ಮನೆಗಳಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಸಂಜೆ ಕೂಡಿಸಿ ಕೈ ಹಿಡಿಸಲು ಹೊರಡುವ ಹಿರಿಯರು ಈ ಗ್ಯಾರೇಜಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಇನ್ನೊಂದು ಮಾತು. ಬರಿಯ ತಗಡನ್ನು ಜುಲೈ ತಿಂಗಳಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪು ಏರಿರುತ್ತದೆ. ತಿಕ್ಕಿದ ದಿನವೇ ಪ್ರೈಮರ್ ಹೊಡೆಯಬೇಕು. ಗುಡಿಸಿ ಖಾಲಿ ಬಿಟ್ಟ ಮನೆಗೆ ಏಳು ದೆವ್ವಗಳು ಮರಳಿ ಬಂದ ಕಥೆಯನ್ನು ಪ್ರಭು ಹೇಳಿದ್ದಾರೆ. ಪಾಪನಿವೇದನೆ ಮಾಡಿ ಅದೇ ಸಂಜೆ ಅದೇ ಕಟ್ಟೆಗೆ ಇಸ್ಪೀಟಿಗೆ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಕ್ಕಿಯ ತಗಡು ಕೆರೆಯುವಾಗ ಮೇಸ್ತ್ರಿ ಕೆಲಸ ನಿಲ್ಲಿಸಿ ಮೊಮ್ಮಗನಿಗೆ ಫೋನ್ ಮಾಡಿದರು. ಡಿಕ್ಕಿಯ ನೆಲದ ಕೆಳಗೆ ಇನ್ನೊಂದು ನೆಲವಿತ್ತು. ನಡುವೆ ಗೇಣುದ್ದ ಆಳದ ಪೆಟ್ಟಿಗೆ. "ಇದು ಕಂಪನಿ ಕೆಲಸ ಅಲ್ರೀ. ಇದನ್ನ ನಮ್ಮಂಥವ ಯಾವನೋ ಮಾಡ್ಯಾನ" ಅಂದರು.

ಆ ಮನೆಯಲ್ಲಿ ಕಾರಿನ ಬಗ್ಗೆ ಒಂದು ಕಥೆಯಿತ್ತು. ಗಾಂಧೀಜಿ ಬ್ಯಾಡಗಿಗೆ ಬಂದಾಗ ಈ ಕಾರಿನಲ್ಲೇ ಕುಳಿತಿದ್ದರು ಎಂದು. ಗಾಂಧೀಜಿ ಈ ಕಡೆ ಬಂದದ್ದು ನಿಜ. 1934ರಲ್ಲಿ, ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದಾಗ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಮೇಲೆ ಹಾದು ಹೋದರು. ಆದರೆ ಈ ಮಾದರಿಯ ಮೊದಲ ಕಾರು ಕಾರ್ಖಾನೆಯಿಂದ ಹೊರಬರುವ ಹೊತ್ತಿಗೆ ಅವರ ಆಯುಷ್ಯದಲ್ಲಿ ಉಳಿದಿದ್ದದ್ದು ಕೆಲವೇ ತಿಂಗಳು. ಎಣ್ಣೂರಿನಲ್ಲಿ ಜೋಡಣೆ ಆರಂಭವಾಗುವಾಗ ಅವರು ಇರಲೇ ಇಲ್ಲ.

ಇಂಥ ಕಥೆ ಏಕೆ ಹುಟ್ಟುತ್ತದೆ? ಹಳೆಯ ಕಾರಿಗೆ ಬೆಲೆ ಬರುವುದು ಅದರ ಗತದಿಂದ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಿಂತವರು ಎಂಜಿನ್ ಎಷ್ಟು ಸಿಸಿ ಎಂದು ಕೇಳುವುದಿಲ್ಲ, ಇದರಲ್ಲಿ ಯಾರು ಕುಳಿತಿದ್ದರು ಎಂದು ಕೇಳುತ್ತಾರೆ. 1964ರ ಡಿಸೆಂಬರಿನಲ್ಲಿ ಮುಂಬಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಜಗದ್ಗುರು ಆರನೆಯ ಪೌಲರು ಬಂದಾಗ ಅವರ ಸಂಚಾರಕ್ಕೆ ಬಿಳಿಯ ಲಿಂಕನ್ ಕಾರನ್ನು ಕಾಣಿಕೆಯಾಗಿ ಕೊಟ್ಟಿದ್ದರು. ಹಿಂದಿರುಗುವಾಗ ಅದನ್ನು ಮದರ್ ತೆರೇಸರಿಗೆ ಕೊಟ್ಟುಹೋದರು. ಮದರ್ ಅದರಲ್ಲಿ ಓಡಾಡಲಿಲ್ಲ. ಲಾಟರಿಗಿಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ಶಾಂತಿನಗರಕ್ಕೆ ಹಾಕಿದರು. ಜನ ಚೀಟಿ ಕೊಂಡದ್ದು ಬರಿಯ ಲಿಂಕನ್ನಿಗಲ್ಲ, ಜಗದ್ಗುರುಗಳು ಕುಳಿತಿದ್ದ ಲಿಂಕನ್ನಿಗೆ. ಅಲ್ಲಿ ಗತ ನಿಜವಿತ್ತು. ನಿಜವಿಲ್ಲದ ಕಡೆ ನಾವು ಗಾಂಧೀಜಿಯನ್ನು ಕೂರಿಸುತ್ತೇವೆ. ಕೂರಿಸುವುದು ಸಾಮಾನ್ಯವಾಗಿ ಬೇರೆ ಯಾರನ್ನೋ ಇಳಿಸಲಿಕ್ಕೆ.

ಇಳಿಸಿದ್ದು ಯಾರನ್ನು ಎಂಬುದು ಆ ಮನೆಯ ಎಂಬತ್ತೈದರ ಅಜ್ಜಿಗೆ ಗೊತ್ತಿತ್ತು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಧಾರವಾಡ ಜಿಲ್ಲೆಯಲ್ಲಿದ್ದವು, ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ತುಂಗಭದ್ರೆ ದಾಟಿದರೆ ಹರಿಹರ, ಅದು ಮೈಸೂರು ರಾಜ್ಯ. 1950ರಲ್ಲಿ ಮುಂಬಯಿ ರಾಜ್ಯದಲ್ಲಿ ಪೂರ್ಣ ಪಾನನಿರೋಧ ಬಂತು. ಆ ಮನೆಯ ಯಜಮಾನರು ಈ ಕಾರಿನ ಡಿಕ್ಕಿಯಲ್ಲಿ ಕಳ್ಳನೆಲ ಮಾಡಿಸಿದರು. ಕೆಳಗೆ ಸಾರಾಯಿ, ಮೇಲೆ ಮೆಣಸಿನಕಾಯಿ ಚೀಲ. ಆ ಘಾಟಿಗೆ ಯಾವ ಪೊಲೀಸರೂ ಹೆಚ್ಚು ಹೊತ್ತು ತಲೆ ಬಗ್ಗಿಸುತ್ತಿರಲಿಲ್ಲ. ಒಂದು ರಾತ್ರಿ ಒಬ್ಬರು ಬಗ್ಗಿಸಿದರು. ಸ್ಟಿಯರಿಂಗ್ ಹಿಡಿದಿದ್ದ ಡ್ರೈವರು ಎಲ್ಲ ತನ್ನದೇ ಎಂದು ಒಪ್ಪಿಕೊಂಡು ಆರು ತಿಂಗಳು ಜೈಲಿನಲ್ಲಿದ್ದ. ಹಾಗೆ ಹೇಳು ಎಂದವರು ಯಜಮಾನರು. ಹೊರಬಂದ ಮೇಲೆ ಅವನಿಗೆ ಯಾರೂ ಗಾಡಿ ಕೊಡಲಿಲ್ಲ. ಸಾಯುವವರೆಗೆ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದ.

ಆ ಡ್ರೈವರ್ ನಮ್ಮ ಧರ್ಮಕೇಂದ್ರದವರು. ಅವರ ಮನೆಯನ್ನು "ಸಾರಾಯಿ ಡ್ರೈವರ್ ಮನಿ" ಎಂದು ಕರೆಯುವುದನ್ನು ಇಲ್ಲಿರುವ ಹಿರಿಯರು ಕೇಳಿದ್ದೀರಿ, ಹೆಣ್ಣು ಕೇಳುವಾಗ ಕೊಡುವಾಗಲೂ ಕೇಳಿದ್ದೀರಿ. ಅವರ ಮಗನಿಗೆ ಈಗ ಎಪ್ಪತ್ತು ದಾಟಿದೆ. ಇಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ.

ಮೊಮ್ಮಗ ನಮ್ಮ ಬಳಿ ಬಂದು ಕೇಳಿದರು, "ಗಾಡಿ ಮುಂದ ಬೋರ್ಡ್ ಇಡಬೇಕಂತ ಮಾಡೀನಿ. ಏನ್ ಬರೀಲ್ರೀ ಫಾದರ್?" ಅಜ್ಜನ ಮರ್ಯಾದೆಯ ಪ್ರಶ್ನೆ ಅದು. ಮನೆಯಲ್ಲಿ ಅರ್ಧ ಜನ ಪೆಟ್ಟಿಗೆ ಕತ್ತರಿಸಿ ಗುಜರಿಗೆ ಹಾಕು, ಗಾಂಧೀಜಿಯ ಹೆಸರೇ ಇರಲಿ ಎಂದಿದ್ದರು. ಸತ್ತವರ ಸಂಗತಿ ಕೆದಕುವುದು ಪುಣ್ಯವಲ್ಲ ಎಂಬ ಮಾತೂ ಬಂತು. ನಮ್ಮ ಅಭಿಪ್ರಾಯದಲ್ಲಿ ಆ ಮಾತು ಸತ್ತವರೆಲ್ಲರಿಗೂ ಸಮನಾಗಿ ಸಲ್ಲಬೇಕು. ಎಪ್ಪತ್ತು ವರ್ಷ ಊರು ಒಬ್ಬ ಸತ್ತವನನ್ನು ಮಾತ್ರ ಕೆದಕಿದೆ. ಎದ್ದುಬಂದ ಪ್ರಭುವಿನ ಮೈಯಲ್ಲಿ ಗಾಯದ ಗುರುತುಗಳು ಹಾಗೇ ಇದ್ದವು, ತೋಮನಿಗೆ ಅವರು ಅವುಗಳನ್ನೇ ತೋರಿಸಿದರು ಎಂದಷ್ಟೇ ಮೊಮ್ಮಗನಿಗೆ ನೆನಪಿಸಿದೆವು. ಬರೆದದ್ದು ಅವರೇ.

ಕಾನೂನಿನ ಕಡೆಯಿಂದಲೂ ಒಂದು ಮಾತು ಬಂತು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಕ್ಕೆ "ವಿಎ" ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಚಾಸಿ, ಮೈ, ಎಂಜಿನ್ ಬದಲಾಗಿರಬಾರದು. ಕಳ್ಳನೆಲ ಮೂಲದ್ದಲ್ಲ, ಆದ್ದರಿಂದ ಮೇಸ್ತ್ರಿ ಅದನ್ನು ಕತ್ತರಿಸಿ ತೆಗೆದರು. ಗುಜರಿಗೆ ಹಾಕಲಿಲ್ಲ. ತುಕ್ಕು ತಿಕ್ಕಿ, ಎಣ್ಣೆ ಸವರಿ, ಬಣ್ಣ ಹಚ್ಚದೆ ಕಾರಿನ ಪಕ್ಕದಲ್ಲಿ ಇಟ್ಟಿದ್ದಾರೆ. ಮಕ್ಕಳು ಅದರ ಮೇಲೆ ಕುಳಿತಿದ್ದರು. ಅದು ಕೂರುವ ಕಟ್ಟೆಯಲ್ಲ, ದಯವಿಟ್ಟು ನೋಡಿ.

ಬೋರ್ಡಿನಲ್ಲಿ ಡ್ರೈವರ್ ಹೆಸರು ಮೇಲಿದೆ, ಯಜಮಾನರ ಹೆಸರು ಕೆಳಗಿದೆ. ಯಾರು ಮಾಡಿದ್ದು, ಯಾರು ಅನುಭವಿಸಿದ್ದು ಎಂದು ನಾಲ್ಕು ಸಾಲಿನಲ್ಲಿ ಇದೆ. ಅದನ್ನು ಇಲ್ಲಿ ಓದುವುದಿಲ್ಲ. ಹೋಗಿ ನಿಂತು ಓದಿರಿ, ಓದಲು ಬಾರದ ಅಜ್ಜಿಯರಿಗೆ ಮೊಮ್ಮಕ್ಕಳು ಗಟ್ಟಿಯಾಗಿ ಓದಿ ಹೇಳಿರಿ.

ಇನ್ನು ವಿಶ್ವಾಸ ಸಂಗ್ರಹಕ್ಕೆ ಏಳೋಣ. ಬಲಿಪೂಜೆ ಮುಗಿದೊಡನೆ ವಾಹನಗಳ ಬಳಿ ಹೋಗೋಣ. ಡ್ರೈವರುಗಳು ತಮ್ಮ ತಮ್ಮ ಗಾಡಿಯ ಬಲಬದಿಗೆ ನಿಲ್ಲಬೇಕು, ಎಂಜಿನ್ ಆರಿಸಿರಲಿ. ಮೊದಲ ತೀರ್ಥ ಆಸ್ಟಿನ್ನಿಗೆ. ಅದಕ್ಕೆ ಹೊಸ ನೋಂದಣಿ ಇನ್ನೂ ಬಂದಿಲ್ಲ, ಲಾರಿಯ ಮೇಲೆ ತಂದಿದ್ದಾರೆ. ಹಿಂದಿನಿಂದ ಶಿಲುಬೆಯ ಕಟ್ಟೆಯವರೆಗೆ ತಳ್ಳಲು ಐದಾರು ಯುವಕರು ಬೇಕು. ಸ್ಟಿಯರಿಂಗ್ ಹಿಡಿಯಲು ಮೂರನೆಯ ಸಾಲಿನಿಂದ ನಮ್ಮ ಹಿರಿಯರು ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಬಾಗಿಲು ತಗ್ಗಿದೆ. ಯಾರಾದರೂ ಕೈ ಕೊಡಿ.