ದುಡಿಮೆಗೊಂದು ದರ, ಬಡ್ಡಿಗೊಂದು ದರ



1976ರ ಮಾರ್ಚ್‌ನಲ್ಲಿ ಸ್ವೀಡನ್ನಿನ ‘ಎಕ್ಸ್‌ಪ್ರೆಸೆನ್’ ಪತ್ರಿಕೆಯಲ್ಲಿ ಒಂದು ಕಟಕಿಯ ಕಥೆ ಬಂತು. ಬರೆದವರು ಮಕ್ಕಳ ಕಥೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್. ಸ್ವಂತ ಉದ್ಯೋಗದವರು ಆದಾಯ ತೆರಿಗೆಯ ಜೊತೆಗೆ ಮಾಲೀಕರ ವಂತಿಗೆಯನ್ನೂ ಕಟ್ಟಬೇಕಿತ್ತು. ಹೀಗಾಗಿ ಅವರ ಹೆಚ್ಚಿನ ಗಳಿಕೆಯ ಮೇಲಿನ ತೆರಿಗೆ ಶೇ. 102 ಮುಟ್ಟಿತ್ತು. ನೂರು ದುಡಿದರೆ ನೂರೆರಡು ಕಟ್ಟು! ನಾಲ್ಕು ದಶಕ ಆಳಿದ್ದ ಸೋಷಿಯಲ್ ಡೆಮಾಕ್ರಟರು ಅದೇ ವರ್ಷ ಚುನಾವಣೆ ಸೋತರು. ಕಥೆಯೊಂದೇ ಸೋಲಿಸಿತು ಎನ್ನಲಾರೆ.

ನನ್ನ ಮಟ್ಟಿಗೆ, ದೊಡ್ಡ ಎಡವಟ್ಟು ಇದ್ದದ್ದು ಬೇರೆಡೆ. ಆಗ ಸಂಬಳ, ಬಡ್ಡಿ, ಬಾಡಿಗೆ ಎಲ್ಲವನ್ನೂ ಕೂಡಿಸಿ ಏರುದರದಲ್ಲಿ ತೆರಿಗೆ ಹಾಕುತ್ತಿದ್ದರು. ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆಯಲೂ ಬಿಡುತ್ತಿದ್ದರು. ಭಾರಿ ಸಂಬಳದವನು ಸಾಲ ಮಾಡಿ ದೊಡ್ಡ ಮನೆ ಕೊಂಡರೆ ಬಡ್ಡಿಯ ಬಹುಪಾಲು ಸರ್ಕಾರವೇ ತೆತ್ತಂತೆ. ಉಳಿದ ಸಾಲವನ್ನು ಹಣದುಬ್ಬರ ಕರಗಿಸುತ್ತಿತ್ತು. ಸಿರಿವಂತರನ್ನು ಹಿಡಿಯಲು ಎತ್ತಿದ ದರವೇ ಅವರ ಸಾಲಕ್ಕೆ ಸಬ್ಸಿಡಿಯಾಯಿತು.

ಇಂಥ ತೆರಿಗೆಯ ದಾರಿಯನ್ನು ಮೊದಲು ಬದಲಿಸಿದ್ದು ನೆರೆಯ ಡೆನ್ಮಾರ್ಕ್, 1987ರಲ್ಲಿ. ಬಂಡವಾಳದ ವರಮಾನಕ್ಕೆ ಸುಮಾರು ಶೇ. 50ರ ಒಂದೇ ದರ, ದುಡಿಮೆಗೆ ಶೇ. 68ರವರೆಗೆ ಏರುವ ದರ. ಸ್ವೀಡನ್ 1989ರಲ್ಲಿ ವಿದೇಶಿ ವಿನಿಮಯದ ನಿರ್ಬಂಧ ತೆಗೆದುಹಾಕಿತು. ತೆರಿಗೆ ಹೆಚ್ಚಾದರೆ ಹಣ ರಾತ್ರೋರಾತ್ರಿ ಗಡಿ ದಾಟಬಲ್ಲದು, ಬಡಗಿಯೋ ನರ್ಸೋ ಹಾಗೆ ದಾಟಲಾರರು. ಅಲ್ಲಿ 1991ರಲ್ಲಿ ‘ಶತಮಾನದ ತೆರಿಗೆ ಸುಧಾರಣೆ’ ಬಂದು ಬಂಡವಾಳಕ್ಕೆ ಶೇ. 30 ನಿಗದಿಯಾಯಿತು. ಇದು ಉಳ್ಳವರಿಗೆ ಕೊಟ್ಟ ರಿಯಾಯಿತಿ ಎಂದು ದೂರುವವರು ಒಂದನ್ನು ಮರೆಯುತ್ತಾರೆ: ಬಡ್ಡಿ ಕಳೆದು ಉಳಿಸಿಕೊಳ್ಳುತ್ತಿದ್ದ ತೆರಿಗೆಯೂ ಅದರೊಂದಿಗೆ ಶೇ. 30ಕ್ಕೆ ಇಳಿಯಿತು. ನಾರ್ವೆ 1992ರಲ್ಲಿ ಶೇ. 28, ಫಿನ್‌ಲೆಂಡ್ 1993ರಲ್ಲಿ ಶೇ. 25 ಎಂದು ಗೊತ್ತುಮಾಡಿದವು.

ಇನ್ನು ಸ್ವಂತ ಕಂಪನಿಯ ಮಾಲೀಕನ ಕಥೆ ಕೇಳಿ. ಅವನು ಪಡೆಯುವುದು ಸಂಬಳವೋ ಲಾಭಾಂಶವೋ? ಹೇಗೆ ಕರೆದರೆ ತೆರಿಗೆ ಕಡಿಮೆಯೋ ಹಾಗೆ! ನಾರ್ವೆ ಇದಕ್ಕೊಂದು ಲೆಕ್ಕ ಹೂಡಿತು. ಹಾಕಿದ ಬಂಡವಾಳಕ್ಕೆ ಇಷ್ಟು ಆದಾಯ ಎಂದು ಎತ್ತಿಟ್ಟು, ಮಿಕ್ಕಿದ್ದನ್ನು ದುಡಿಮೆಯ ಫಲವೆಂದೇ ಎಣಿಸಿತು. ಆದರೆ ಆ ನಿಯಮ ತಗಲುತ್ತಿದ್ದುದು ಮೂರರಲ್ಲಿ ಎರಡು ಪಾಲು ಷೇರು ದುಡಿಯುವ ಮಾಲೀಕರ ಕೈಯಲ್ಲಿದ್ದ ಕಂಪನಿಗಳಿಗೆ ಮಾತ್ರ. ಜಾಣರು ಹೊರಗಿನ ಪಾಲುದಾರರನ್ನು ಸೇರಿಸಿಕೊಂಡು ನುಣುಚಿಕೊಂಡರು. 2006ರಲ್ಲಿ ನಾರ್ವೆ ಆ ಲೆಕ್ಕವನ್ನೇ ಕೈಬಿಟ್ಟು, ಷೇರಿನ ಹಣಕ್ಕೆ ಅಪಾಯವಿಲ್ಲದ ಬಡ್ಡಿಯಷ್ಟನ್ನು ಬಿಟ್ಟು ಮಿಕ್ಕ ಲಾಭಾಂಶಕ್ಕೆ ಷೇರುದಾರನ ಕೈಯಲ್ಲಿ ಮತ್ತೆ ತೆರಿಗೆ ಹಾಕಿತು. ಕಂಪನಿ ಮೊದಲೇ ಕಟ್ಟಿದ್ದನ್ನೂ ಕೂಡಿಸಿದರೆ ಅದು ಸಂಬಳದ ಮೇಲ್ದರದ ಹತ್ತಿರಕ್ಕೆ ಬರುತ್ತದೆ. ಸಂಬಳಕ್ಕೆ ಲಾಭಾಂಶದ ವೇಷ ಹಾಕಿ ಉಳಿಸುವಂಥದ್ದು ಅಷ್ಟೇನೂ ಇಲ್ಲವಾಯಿತು.