ಗೆಲುವಿನಲ್ಲಿ ಅದೃಷ್ಟದ ಪಾಲು

ಅದೃಷ್ಟವೆಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಅದನ್ನು ಬಿಡಿಸಿ ನೋಡುವವರು ಕಡಿಮೆ. ದೃಷ್ಟವೆಂದರೆ ಕಂಡದ್ದು, ಅದೃಷ್ಟವೆಂದರೆ ಕಾಣದೆ ಇದ್ದದ್ದು. ಒಂದು ಫಲಕ್ಕೆ ಕಾರಣವಾಗಿದ್ದೂ ನಮ್ಮ ಕಣ್ಣಿಗೆ ಬೀಳದೆ ಉಳಿದದ್ದು ಯಾವುದೋ ಅದೇ ಅದೃಷ್ಟ. ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಆ ಪದದ ಮೂಲದಲ್ಲಿಲ್ಲ. ಆದರೆ ಬಳಕೆಯಲ್ಲಿ ಅದಕ್ಕೊಂದು ವಿಚಿತ್ರ ಗುಣ ಬಂದುಬಿಟ್ಟಿದೆ. ಎದುರಾಳಿ ಗೆದ್ದಾಗ ಅದು ನಾಲಿಗೆಯ ತುದಿಯಲ್ಲಿರುತ್ತದೆ. ನಾವು ಗೆದ್ದಾಗ ಮರೆತುಹೋಗುತ್ತದೆ. ಅವನದು ಅದೃಷ್ಟ, ನಮ್ಮದು ಯೋಗ್ಯತೆ. ಈ ಲೆಕ್ಕ ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ನಮ್ಮ ನಾಡಿನದೇ ಒಂದು ಫುಟ್‌ಬಾಲ್ ಗೆಲುವನ್ನು ಮುಂದಿಟ್ಟುಕೊಂಡು ವಿಚಾರಮಾಡಬಹುದು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ರಾಜ್ಯ ತಂಡಗಳ ನಡುವೆ ನಡೆಯುವ ಈ ರಾಷ್ಟ್ರೀಯ ಪಂದ್ಯಾವಳಿಯನ್ನು ನಮ್ಮವರು ಹಿಂದೆ ನಾಲ್ಕು ಸಲ ಗೆದ್ದಿದ್ದರು: 1946-47, 1952-53, 1967-68 ಮತ್ತು 1968-69ರಲ್ಲಿ. ಆ ನಾಲ್ಕೂ ಗೆಲುವುಗಳು ಮೈಸೂರು ಎಂಬ ಹೆಸರಿನಲ್ಲಿ ಬಂದವು. 1973ರ ನವೆಂಬರಿನಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಆ ಹೆಸರಿನ ತಂಡ 1975-76ರಲ್ಲಿ ಒಮ್ಮೆ ಫೈನಲ್ಲಿಗೆ ಹೋಗಿ ಬಂಗಾಳಕ್ಕೆ ಸೋತಿತು. ಮತ್ತೆ ಆ ಮೆಟ್ಟಿಲನ್ನು ಏರಿದ್ದು 2023ರಲ್ಲಿಯೇ. ಐವತ್ತನಾಲ್ಕು ವರ್ಷಗಳ ಕಾಯುವಿಕೆಗೆ ತೆರೆಬಿತ್ತು.

ಇಷ್ಟು ದೀರ್ಘ ಕಾಲದ ಮೇಲೆ ಬಂದ ಗೆಲುವನ್ನು ಅದೃಷ್ಟವೆಂದರೆ ಯಾರಿಗಾದರೂ ಕೋಪ ಬಂದೀತು. ನಾನು ಹಾಗೆ ಹೇಳುತ್ತಿಲ್ಲ. ಆದರೆ ಆ ಗೆಲುವಿನ ಹಿಂದಿನ ಹೆಜ್ಜೆಗಳನ್ನು ಒಂದೊಂದಾಗಿ ನೋಡೋಣ.

ಅದಕ್ಕೆ ಹಿಂದಿನ ವರ್ಷ, 2022ರ ಏಪ್ರಿಲ್ 28ರಂದು, ಕೇರಳದ ಮಂಜೇರಿಯಲ್ಲಿ ನಡೆದ ಸೆಮಿಫೈನಲ್ಲಿನಲ್ಲಿ ಕರ್ನಾಟಕವು ಕೇರಳಕ್ಕೆ 3-7ರಿಂದ ಸೋತಿತ್ತು. ಮೊದಲ ಗೋಲು ಹೊಡೆದದ್ದು ಕರ್ನಾಟಕವೇ. ಅನಂತರ ಕೇರಳದವರು ಜೆಸಿನ್ ಎಂಬ ಬದಲಿ ಆಟಗಾರನನ್ನು ಕಣಕ್ಕಿಳಿಸಿದರು. ಆತನೊಬ್ಬನೇ ಐದು ಗೋಲು ಹೊಡೆದ. ಕೇರಳ ಆ ವರ್ಷ ಟ್ರೋಫಿಯನ್ನೂ ಗೆದ್ದಿತು, ಅದೂ ಬಂಗಾಳದೊಡನೆ ಸಮಬಲವಾಗಿ ಪೆನಾಲ್ಟಿ ಒದೆತಗಳಲ್ಲಿ. ಮರುವರ್ಷ ಭುವನೇಶ್ವರದ ಅಂತಿಮ ಸುತ್ತಿನಲ್ಲಿ ಅದೇ ಕೇರಳವನ್ನು ಕರ್ನಾಟಕ 1-0ಯಿಂದ ಸೋಲಿಸಿತು. ಗುಂಪಿನ ಪಂದ್ಯಗಳು ಮುಗಿದಾಗ ಕರ್ನಾಟಕಕ್ಕೆ ಒಂಬತ್ತು ಅಂಕ, ಕೇರಳಕ್ಕೆ ಎಂಟು. ಕೇರಳದ ಕೊನೆಯ ಪಂದ್ಯ ಪಂಜಾಬಿನೊಡನೆ 1-1ರಲ್ಲಿ ಸಮವಾಯಿತು. ಅಲ್ಲಿ ಕೇರಳದವರ ಒಂದು ಒದೆತ ಹೆಚ್ಚಾಗಿ ಬಲೆಯನ್ನು ಸೇರಿದ್ದರೆ ರಿಯಾದಿನ ವಿಮಾನವನ್ನು ಹತ್ತುತ್ತಿದ್ದವರು ಬೇರೆಯವರು. ಕರ್ನಾಟಕದ ಹುಡುಗರ ಕಾಲು ಚೆಂಡಿನ ಹತ್ತಿರವೂ ಇಲ್ಲದ ಒಂದು ಪಂದ್ಯ ಅವರ ಭವಿಷ್ಯವನ್ನು ತನ್ನ ಮಡಿಲಲ್ಲಿಟ್ಟುಕೊಂಡಿತ್ತು.

ರಿಯಾದಿನಲ್ಲಿಯೂ ದಾರಿ ಸುಗಮವಾಗಿರಲಿಲ್ಲ. ಸೆಮಿಫೈನಲ್ಲಿನಲ್ಲಿ ಸರ್ವಿಸಸ್ ತಂಡ ಮೊದಲು ಗೋಲು ಹೊಡೆಯಿತು; ವಿರಾಮಕ್ಕೆ ಮುನ್ನವೇ ಕರ್ನಾಟಕ ಎರಡು ಗೋಲುಗಳಿಂದ ಉತ್ತರ ಕೊಟ್ಟು ಕಡೆಗೆ 3-1ರಿಂದ ಗೆದ್ದಿತು. ಫೈನಲ್ಲಿನಲ್ಲಿ ಆಟ ಆರಂಭವಾದೊಡನೆ ಸುನಿಲ್ ಕುಮಾರ್ ಗೋಲು ಹೊಡೆದರು. ಪೆನಾಲ್ಟಿಯಿಂದ ಮೇಘಾಲಯ ಸಮಮಾಡಿಕೊಂಡಿತು. ಬೇಕಿ ಓರಮ್ ಎರಡನೆಯದನ್ನು ಸೇರಿಸಿದರು. ವಿರಾಮದ ಸೀಟಿಗೆ ಸ್ವಲ್ಪ ಮೊದಲು ರಾಬಿನ್ ಯಾದವ್ ದೂರದಿಂದ ಒದ್ದ ಫ್ರೀಕಿಕ್ ನೇರವಾಗಿ ಬಲೆಯೊಳಗೆ ಹೋಯಿತು. ಅರವತ್ತನೆಯ ನಿಮಿಷದಲ್ಲಿ ಮೇಘಾಲಯ ಮತ್ತೊಂದು ಗೋಲು ಹೊಡೆದ ಮೇಲೆ ಉಳಿದ ಅರ್ಧ ಗಂಟೆಯುದ್ದಕ್ಕೂ ಒಂದೇ ಗೋಲಿನ ಅಂತರವನ್ನು ಕಾಪಾಡಿಕೊಳ್ಳಬೇಕಾಯಿತು. ಅವರು ಕಾಪಾಡಿಕೊಂಡರು.

ಬೇರೆ ಆಟಗಳಿಗಿಂತ ಫುಟ್‌ಬಾಲಿನಲ್ಲಿ ಅದೃಷ್ಟಕ್ಕೆ ಎಡೆ ಹೆಚ್ಚೆಂದು ತಿಳಿದವರು ಹೇಳುತ್ತಾರೆ. ಕಾರಣ ಗೂಢವಾದುದೇನಲ್ಲ. ಕ್ರಿಕೆಟ್ಟಿನಲ್ಲಿ ಒಂದು ಪಂದ್ಯಕ್ಕೆ ನೂರಾರು ಓಟಗಳು. ಒಂದು ಓಟ ತಪ್ಪಿದರೆ ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಫುಟ್‌ಬಾಲಿನಲ್ಲಿ ತೊಂಬತ್ತು ನಿಮಿಷ ಇಪ್ಪತ್ತೆರಡು ಮಂದಿ ಬೆವರು ಹರಿಸಿದರೆ ಎರಡೂ ತಂಡಗಳಿಗೆ ಸೇರಿ ಬರುವುದು ಸಾಮಾನ್ಯವಾಗಿ ಎರಡೋ ಮೂರೋ ಗೋಲು. ನಾಣ್ಯವನ್ನು ಸಾವಿರ ಸಲ ಚಿಮ್ಮಿದರೆ ಅರ್ಧದಷ್ಟು ತಲೆ, ಅರ್ಧದಷ್ಟು ಬಾಲ ಬೀಳುತ್ತದೆ. ಮೂರು ಸಲ ಚಿಮ್ಮಿದರೆ ಮೂರೂ ತಲೆಯೇ ಬಿದ್ದರೆ ಆಶ್ಚರ್ಯವಿಲ್ಲ. ಎಣಿಕೆ ಕಡಿಮೆಯಾದಷ್ಟೂ ಆಕಸ್ಮಿಕದ ಕೈ ಉದ್ದವಾಗುತ್ತದೆ. ಗೋಲಿನ ಬಾಗಿಲಿನ ಅಗಲ ಇಪ್ಪತ್ತನಾಲ್ಕು ಅಡಿ, ಎತ್ತರ ಎಂಟು ಅಡಿ. ಅದರ ಕಂಬದ ದಪ್ಪ ಹೆಚ್ಚೆಂದರೆ ಐದು ಅಂಗುಲ. ಆ ಐದಂಗುಲಕ್ಕೆ ತಗುಲಿದ ಚೆಂಡು ಒಳಗೆ ಪುಟಿಯಬಹುದು, ಹೊರಗೂ ಪುಟಿಯಬಹುದು. ಇಪ್ಪತ್ತು ವರ್ಷದ ಅಭ್ಯಾಸ ಚೆಂಡನ್ನು ಆ ಕಂಬದವರೆಗೆ ತರುತ್ತದೆ. ಮುಂದಿನ ಐದಂಗುಲ ಅಭ್ಯಾಸದ ಅಧೀನವಲ್ಲ.

ಇನ್ನೊಂದು ಸಣ್ಣ ಲೆಕ್ಕವನ್ನೂ ನೋಡಬಹುದು. ಒಂದು ತಂಡ ತನ್ನ ಎದುರಾಳಿಗಳೆಲ್ಲರಿಗಿಂತ ಬಲವಾದದ್ದು, ಮೂರು ಪಂದ್ಯಗಳಲ್ಲಿ ಎರಡನ್ನು ಗೆಲ್ಲಬಲ್ಲದು ಎಂದಿಟ್ಟುಕೊಳ್ಳೋಣ. ಸೆಮಿಫೈನಲ್ ಮತ್ತು ಫೈನಲ್ ಎರಡನ್ನೂ ಅದು ಗೆಲ್ಲುವ ಸಂಭವ ಒಂಬತ್ತರಲ್ಲಿ ನಾಲ್ಕು; ಅರ್ಧಕ್ಕಿಂತ ಕಡಿಮೆ. ಅಂದರೆ, ಎಲ್ಲರಿಗಿಂತ ಮೇಲಾದ ತಂಡವೂ ಬರಿಗೈಯಲ್ಲಿ ಮನೆಗೆ ಹೋಗುವ ಸಂಭವವೇ ಹೆಚ್ಚು. ನಾವು ಮಾತ್ರ ಟ್ರೋಫಿ ಯಾರ ಕೈಯಲ್ಲಿದೆಯೋ ಅವರೇ ಶ್ರೇಷ್ಠರೆಂದು ತೀರ್ಮಾನಿಸಿ ದೀಪ ಆರಿಸಿ ಮಲಗುತ್ತೇವೆ.

ಬೆಂಗಳೂರು ಎಫ್‌ಸಿ ತಂಡದ ಎರಡು ವರ್ಷಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ ಆ ತಂಡ ಹದಿನೆಂಟು ಪಂದ್ಯಗಳಲ್ಲಿ ನಲವತ್ತು ಅಂಕ ಗಳಿಸಿ ಪಟ್ಟಿಯ ತಲೆಯಲ್ಲಿ ನಿಂತಿತು. ಎರಡನೆಯದಾದ ಚೆನ್ನೈಯಿನ್ ತಂಡ ಎಂಟು ಅಂಕ ಹಿಂದೆ. ಆದರೆ 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ತನ್ನ ಜನದ ಕಣ್ಣೆದುರಿಗೇ, ಅದೇ ಚೆನ್ನೈಯಿನ್ ತಂಡಕ್ಕೆ 2-3ರಿಂದ ಸೋತು ಕಪ್ಪನ್ನು ಬಿಟ್ಟುಕೊಟ್ಟಿತು. ಮರುವರ್ಷ ಅದಕ್ಕೆ ಬಂದದ್ದು ಮೂವತ್ತನಾಲ್ಕೇ ಅಂಕ, ಗೋವಾಕ್ಕೂ ಅಷ್ಟೇ. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಆ ಇಬ್ಬರೂ ಎದುರುಬದುರಾದರು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಗೋವಾದ ಆಟಗಾರನೊಬ್ಬ ಕೆಂಪು ಚೀಟಿ ಪಡೆದು ಹೊರನಡೆದ. 117ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರು ಚಾಂಪಿಯನ್ ಆಯಿತು. ಯಾವ ವರ್ಷದ ತಂಡ ಹೆಚ್ಚಿನದು? ಅಂಕಪಟ್ಟಿಯನ್ನು ಕೇಳಿದರೆ ಮೊದಲ ವರ್ಷದ್ದು ಎನ್ನುತ್ತದೆ. ಗಾಜಿನ ಬೀರುವನ್ನು ಕೇಳಿದರೆ ಎರಡನೆಯ ವರ್ಷದ್ದು ಎನ್ನುತ್ತದೆ.

ತಿಪಟೂರು ಸೀಮೆಯ ನಮ್ಮ ಹಾಲ್ಕುರಿಕೆಯ ಸುತ್ತಮುತ್ತ ಕಾಲ್ಚೆಂಡಿಗಿಂತ ಕಬಡ್ಡಿ, ವಾಲಿಬಾಲುಗಳದೇ ಹೆಚ್ಚಿನ ಬಳಕೆ. ಆದರೆ ಅಲ್ಲಿಯ ತೆಂಗಿನ ಬೆಳೆಗಾರನಿಗೆ ಈ ವಿಷಯವನ್ನು ಯಾರೂ ವಿವರಿಸಬೇಕಾಗಿಲ್ಲ. ತಿಪಟೂರಿನ ಉಂಡೆಕೊಬ್ಬರಿ ಹೆಸರಾದದ್ದು. ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಬೇರೆಯಾದಾಗ, ಅಲ್ಲಾಡಿಸಿದರೆ ಗಡಗಡ ಸದ್ದು ಕೇಳುತ್ತದೆ. ಒಂದೇ ಮರ, ಒಂದೇ ಗೊನೆ, ಒಂದೇ ಅಟ್ಟ. ಆದರೂ ಒಡೆದಾಗ ಒಂದು ದುಂಡಗೆ ಬೆಳ್ಳಗೆ ಇರುತ್ತದೆ, ಇನ್ನೊಂದು ಕೆಟ್ಟಿರುತ್ತದೆ. ಕೆಟ್ಟ ಕಾಯಿ ಸೋಮಾರಿಯಾಗಿತ್ತೆಂದು ಯಾರೂ ಹೇಳುವುದಿಲ್ಲ. ಒಳ್ಳೆಯ ಕೊಬ್ಬರಿಗೂ ಮಾರುಕಟ್ಟೆಯಲ್ಲಿ ಈ ವಾರದ ಧಾರಣೆ ಮುಂದಿನ ವಾರಕ್ಕಿಲ್ಲ. ಹಾಗೆಂದು ಆ ರೈತ ಪಾತಿ ಮಾಡುವುದನ್ನು, ಗೊಬ್ಬರ ಹಾಕುವುದನ್ನು ಬಿಟ್ಟಿದ್ದಾನೆಯೆ? ಬಿಟ್ಟರೆ ಅಟ್ಟಕ್ಕೆ ಹಾಕಲು ಕಾಯೇ ಇರುವುದಿಲ್ಲವೆಂದು ಅವನಿಗೆ ಗೊತ್ತು. ತನ್ನ ಪಾಲು ಎಲ್ಲಿಗೆ ಮುಗಿಯುತ್ತದೆ, ಕಾಣದ್ದರ ಪಾಲು ಎಲ್ಲಿಂದ ಆರಂಭವಾಗುತ್ತದೆ ಎಂಬ ಗಡಿಯನ್ನು ಅವನು ಅರಿತಿದ್ದಾನೆ.

ನಮ್ಮ ಹಿರಿಯರಿಗೂ ಈ ಗಡಿಯ ಅರಿವಿತ್ತು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವ ಕಾರ್ಯಕ್ಕಾದರೂ ಐದು ಕಾರಣಗಳೆಂದು ಹೇಳಿದೆ: ಆಧಾರ, ಕರ್ತೃ, ಸಾಧನಗಳು, ಬಗೆಬಗೆಯ ಪ್ರಯತ್ನಗಳು, ಐದನೆಯದು ದೈವ. ದೈವವನ್ನು ಅಲ್ಲಿ ಮೊದಲನೆಯದಾಗಿ ಇಟ್ಟಿಲ್ಲ, ಬಿಟ್ಟೂ ಇಲ್ಲ. ರಾಬಿನ್ ಯಾದವ್ ಅವರ ಆ ಒದೆತವನ್ನು ಹೀಗೆಯೇ ನೋಡಬೇಕು. ಅಷ್ಟು ದೂರದಿಂದ ಚೆಂಡನ್ನು ಹಾಗೆ ಒದೆಯಲು ಎಷ್ಟೋ ವರ್ಷಗಳ ಸಂಜೆಗಳು ಸವೆದಿರಬೇಕು. ಅದು ನಾಲ್ಕು ಕಾರಣಗಳ ಮಾತು. ವಿರಾಮಕ್ಕೆ ಮುನ್ನ ಆ ಜಾಗದಲ್ಲಿ ಆ ಫ್ರೀಕಿಕ್ ದೊರೆತದ್ದು, ಗೋಲ್‌ಕೀಪರನ ಕೈಗೆ ಚೆಂಡು ಎಟುಕದೆ ಹೋದದ್ದು, ಐದನೆಯದರ ಮಾತು. ಪರಿಶ್ರಮವಿದ್ದವನಿಗೆ ಅದೃಷ್ಟ ತಾನಾಗಿ ಒಲಿಯುತ್ತದೆಂದು ಮಕ್ಕಳಿಗೆ ಹೇಳುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಪರಿಶ್ರಮ ಬಾಗಿಲಿನವರೆಗೆ ಕರೆದುಕೊಂಡು ಹೋಗುತ್ತದೆ. ಬಾಗಿಲು ತೆರೆಯುತ್ತದೆಂಬ ಭರವಸೆಯನ್ನು ಅದು ಕೊಡಲಾರದು. ಆದರೆ ಬಾಗಿಲು ತೆರೆದ ಹೊತ್ತಿನಲ್ಲಿ ಅಲ್ಲಿ ನಿಂತಿದ್ದವನು ಮಾತ್ರವೇ ಒಳಗೆ ಹೋಗಬಲ್ಲ.

ಇದನ್ನೆಲ್ಲ ಒಪ್ಪಿಕೊಂಡರೆ ಗೆದ್ದವರ ಕೀರ್ತಿಗೆ ಕುಂದು ಬಂದೀತೆಂದು ಅಂಜಬೇಕಾಗಿಲ್ಲ. ಬದಲಾಗಬೇಕಾದದ್ದು ಸೋತವರನ್ನು ಕುರಿತ ನಮ್ಮ ನಡೆ. ಗೆದ್ದೆತ್ತಿನ ಬಾಲ ಹಿಡಿಯುವುದು ನಮಗೆ ಬಹಳ ಸುಲಭವಾಗಿ ಬಂದುಬಿಟ್ಟಿದೆ. 3-7ರಿಂದ ಸೋತ ಹುಡುಗರು ಊರಿಗೆ ಮರಳಿದಾಗ ನಿಲ್ದಾಣದಲ್ಲಿ ಹಾರ ಹಿಡಿದು ನಿಲ್ಲುವವರು ಯಾರು? ಒಂದು ಅಂಕದಿಂದ ಹಿಂದೆ ಬಿದ್ದವರ ಮನೆಗೆ ಯಾರು ಹೋಗುತ್ತಾರೆ? ಗೆಲುವೆಲ್ಲ ಯೋಗ್ಯತೆಯ ಫಲವೆನ್ನುವವನು ಸೋಲೆಲ್ಲ ಅಯೋಗ್ಯತೆಯ ಫಲವೆಂದೂ ಹೇಳಿದಂತಾಯಿತು. ಆಟದ ಬಯಲಿನಲ್ಲಿ ಕಲಿತ ಈ ಕಠೋರವಾದ ಲೆಕ್ಕವನ್ನೇ ನಾವು ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ ಬಂದ ಮಗುವಿಗೂ, ಮಳೆ ಕೈಕೊಟ್ಟ ರೈತನಿಗೂ, ಅಂಗಡಿ ಮುಚ್ಚಿದ ನೆರೆಯವನಿಗೂ ಅನ್ವಯಿಸುತ್ತೇವೆ.

1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫರ್ಡಿನಲ್ಲಿ ಭಾರತದ ತಂಡ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು ಎದುರಿಸಿತು. ಬೆಂಗಳೂರಿನ ಅಹ್ಮದ್ ಖಾನ್ ಅವರಂಥವರಿದ್ದ ಆ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಆ ದಿನದ ಗೆಲುವು ಇಂದು ಎಷ್ಟು ಜನ ಫ್ರೆಂಚರಿಗೆ ನೆನಪಿದೆಯೋ. ಆ ಬರಿಗಾಲಿನವರನ್ನು ನಾವಂತೂ ಮರೆತಿಲ್ಲ. ಕನ್ನಡದ ಆದಿಕವಿ ಪಂಪ ಅರ್ಜುನನ ವಿಜಯವನ್ನು ಹಾಡಲು ಹೊರಟವನು. ಆದರೂ ರಥದ ಗಾಲಿ ನೆಲದಲ್ಲಿ ಹೂತುಹೋದ ಕರ್ಣನನ್ನು ನಾವು ಮರೆಯದಂತೆ ಮಾಡಿ ಹೋದ. ಗೆದ್ದವನ ಕಥೆಯೊಳಗೆ ಸೋತವನಿಗೆ ಸಲ್ಲಬೇಕಾದ ಪಾಲನ್ನು ಕೊಡುವುದು ನಮ್ಮ ಸಾಹಿತ್ಯಕ್ಕೆ ಸಾವಿರ ವರ್ಷದ ಹಿಂದೆಯೇ ತಿಳಿದಿತ್ತು.

ಆದಕಾರಣ ಮುಂದೆ ನಮ್ಮ ತಂಡ ಗೆದ್ದಾಗ ಮನಸಾರೆ ಹಿಗ್ಗೋಣ. ಅದರೊಡನೆ, ಅಷ್ಟೇ ಬೆವರು ಹರಿಸಿ ಐದಂಗುಲದ ಅಂತರದಲ್ಲಿ ನಿಂತುಹೋದವರ ಹೆಸರುಗಳನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳೋಣ. ಮುಂದಿನ ವರ್ಷ ಗೆಲ್ಲುವವರು ಅವರಲ್ಲಿಯೇ ಇದ್ದಾರು. ಗೆಲ್ಲದಿದ್ದರೂ, ಆಡಿದವರು ಅವರು.