ತಾನೇ ತಿದ್ದಿಕೊಳ್ಳುವ ನೌಕೆ

 

ಹಿರಿಯೂರಿನ ಬಳಿಯ ಮಾರಿಕಣಿವೆಯನ್ನು ಕಾಣದವರು ಈ ಸಭೆಯಲ್ಲಿ ವಿರಳ. ವೇದಾವತೀ ನದಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಆ ಜಲಾಶಯವು 1933ರಲ್ಲಿ ತುಂಬಿ ಕೋಡಿ ಹರಿಯಿತು. ಅನಂತರ ತಲೆಮಾರುಗಳೇ ಕಳೆದರೂ ಕೋಡಿಯು ಒಣಗಿಯೇ ಇದ್ದಿತು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ತರುವಾಯ, ನೀರು 130 ಅಡಿಗಳ ಮಟ್ಟವನ್ನು ಮೀರಿದಾಗ ಕೋಡಿಯು ತಾನಾಗಿಯೇ ಹರಿದು ಕಟ್ಟೆಯನ್ನು ಕಾಯಿತು. ಅದನ್ನು ಕಟ್ಟಿದವರು ಆ ವೇಳೆಗೆ ಉಳಿದಿರಲಿಲ್ಲ. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕಟ್ಟೆಯನ್ನು ಕಟ್ಟುವಾಗಲೇ ಅದಕ್ಕೆ ಬರಬಹುದಾದ ಅಪಾಯವನ್ನು ಎಣಿಸಿ, ಪರಿಹಾರವನ್ನು ಕಲ್ಲಿನಲ್ಲಿಯೇ ಇರಿಸಿಹೋದ ವಿವೇಕದ ಫಲವದು.

ಈ ವಿವೇಕವೇ ಈಗ ಅಂತರಿಕ್ಷನೌಕೆಗಳ ನಿರ್ಮಾಣದಲ್ಲಿ ದೋಷನಿರ್ವಹಣೆಯೆಂಬ ಪ್ರತ್ಯೇಕ ವಿದ್ಯೆಯಾಗಿ ಬೆಳೆದಿರುವುದು. ಭೂಮಿಯಿಂದ ಕಳುಹಿದ ರೇಡಿಯೋ ಸಂದೇಶವು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುವುದಾದರೂ, ಚಂದ್ರನನ್ನು ಮುಟ್ಟಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಮಂಗಳಗ್ರಹಕ್ಕಾದರೋ ಎಷ್ಟೋ ನಿಮಿಷಗಳು ಹಿಡಿಯುವುವು. ನೌಕೆಯು ದೋಷವನ್ನು ತಿಳಿಸಿ, ಭೂಮಿಯವರು ಆಲೋಚಿಸಿ, ಉತ್ತರವು ಹಿಂದಿರುಗುವಷ್ಟರಲ್ಲಿ ಆಗಬಾರದುದು ಆಗಿಹೋಗಿರುವುದು. ಆದುದರಿಂದ ದೋಷವನ್ನು ಅರಿಯುವ ಮತ್ತು ತಿದ್ದುವ ಶಕ್ತಿಯನ್ನು ನೌಕೆಗೇ ಕೊಟ್ಟು ಕಳುಹಬೇಕು.

ಈ ಕಾರ್ಯದಲ್ಲಿ ತೊಡಗಿದ ಎಂಜಿನಿಯರು ಪ್ರತಿಯೊಂದು ಅಂಗದ ಮುಂದೆಯೂ ಮೂರು ಪ್ರಶ್ನೆಗಳನ್ನಿಡುವನು: ಇದು ಯಾವ ಯಾವ ಬಗೆಯಲ್ಲಿ ಕೆಡಬಹುದು? ಕೆಟ್ಟುದನ್ನು ತಿಳಿಯುವುದು ಹೇಗೆ? ತಿಳಿದ ಮೇಲೆ ಮಾಡತಕ್ಕುದೇನು? ಉಪಕರಣವೊಂದು ಸುಳ್ಳು ಹೇಳಬಹುದಾದುದರಿಂದ ಅದರ ಮಾತನ್ನು ಮತ್ತೊಂದರ ಮಾತಿನೊಡನೆ ಹೋಲಿಸಿ ನೋಡುವ ಏರ್ಪಾಡನ್ನು ಮಾಡುವನು. ದೊಡ್ಡ ದೋಷವು ಕಂಡಾಗ ನೌಕೆಯು ಅನಾವಶ್ಯಕವಾದ ಕೆಲಸಗಳನ್ನೆಲ್ಲ ನಿಲ್ಲಿಸಿ, ತನ್ನ ಫಲಕಗಳನ್ನು ಸೂರ್ಯನೆಡೆಗೆ ತಿರುಗಿಸಿ, ಭೂಮಿಯ ಅಪ್ಪಣೆಗಾಗಿ ಕಾದಿರುವುದು. ಇದನ್ನು ಸುರಕ್ಷಾಸ್ಥಿತಿಯೆಂದು ಕರೆಯಬಹುದು. ಆದರೆ ಇಳಿಯುವ ಹೊತ್ತಿನಲ್ಲಿ ಕಾದಿರುವುದೆಂದರೆ ಬೀಳುವುದೆಂದೇ ಅರ್ಥ. ಆಗ ದೋಷವಿದ್ದರೂ ಮುಂದುವರಿಯುವ ಉಪಾಯವನ್ನು ನೌಕೆಯೇ ಕಾಣಬೇಕು.

ಮಂಗಳಯಾನದ ಕಥೆಯನ್ನು ನೋಡಿರಿ. 2013ರ ನವೆಂಬರ್ 5ರಂದು ಹೊರಟ ಆ ನೌಕೆಯ ಮುಖ್ಯ ಎಂಜಿನ್ನು ದಾರಿಯಲ್ಲಿ ಹತ್ತಿರ ಹತ್ತಿರ 300 ದಿನಗಳು ಮಲಗಿದ್ದಿತು. ಅದು ಏಳುವುದೋ ಇಲ್ಲವೋ ಎಂಬ ಶಂಕೆಯಿಂದ 2014ರ ಸೆಪ್ಟೆಂಬರ್ 22ರಂದು 4 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿದರು. ಅದು ಕೈಕೊಟ್ಟರೆ ಎಂಟು ಚಿಕ್ಕ ಎಂಜಿನ್ನುಗಳಿಂದ ಕಾರ್ಯ ಸಾಧಿಸುವ ಯೋಜನೆಯೂ ಸಿದ್ಧವಾಗಿದ್ದಿತು. ಅಪ್ಪಣೆಗಳೆಲ್ಲವನ್ನೂ ಮೊದಲೇ ನೌಕೆಯ ನೆನಪಿನಲ್ಲಿ ತುಂಬಿದ್ದರು. ಸೆಪ್ಟೆಂಬರ್ 24ರಂದು, ಸಂದೇಶ ಬರಲು 12 ನಿಮಿಷಗಳು ಬೇಕಾಗಿದ್ದ ದೂರದಲ್ಲಿ, ಗ್ರಹದ ಮರೆಗೆ ಸರಿದು ಯಾರಿಗೂ ಕಾಣದಿದ್ದಾಗಲೂ ನೌಕೆಯು ತನ್ನ ಕಾರ್ಯವನ್ನು ನಡೆಯಿಸಿ ಮಂಗಳನ ಕಕ್ಷೆಯನ್ನು ಸೇರಿತು.

ಸೋಲೂ ಉಂಟು, ಅದನ್ನು ಮರೆಮಾಚಲಾಗದು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮವು ಇಳಿಯುವಾಗ ನೆಲಕ್ಕೆ ಬಡಿದು ನಾಶವಾಯಿತು. ಎಂಜಿನ್ನುಗಳ ಒತ್ತಡವು ಎಣಿಸಿದುದಕ್ಕಿಂತ ಹೆಚ್ಚಾಗಿ ತಪ್ಪುಗಳು ಕೂಡುತ್ತ ಹೋದುವು. ನೌಕೆಯು ಬೇಗನೆ ಹೊರಳಿ ತಿದ್ದಿಕೊಳ್ಳಬೇಕೆಂದರೆ ಅದಕ್ಕೆ ಬರೆದಿಟ್ಟಿದ್ದ ಕಟ್ಟಳೆಯೇ ಅಡ್ಡವಾಯಿತು. ಇಳಿಯಲು ಗೊತ್ತುಮಾಡಿದ್ದ ಸ್ಥಳವೂ 500 ಮೀಟರುಗಳ ಚೌಕವಷ್ಟೇ ಆಗಿದ್ದಿತು. ವಿಜ್ಞಾನಿಗಳು ಈ ತಪ್ಪುಗಳನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಮುಂದಿನ ನೌಕೆಯನ್ನು ಹೇಗೆ ಗೆದ್ದೀತೆಂದಲ್ಲ, ಹೇಗೆ ಹೇಗೆ ಸೋತೀತೆಂದು ಕೇಳಿಕೊಂಡೇ ಕಟ್ಟಿದರು. ಸ್ಥಳವನ್ನು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ವೇಗವನ್ನಳೆಯುವ ಲೇಸರ್ ಉಪಕರಣವನ್ನು ಸೇರಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಮೆಲ್ಲನೆ ಇಳಿಯಿತು.

ಈ ಸಾಧನೆಯಲ್ಲಿ ನಮ್ಮ ಜಿಲ್ಲೆಯ ಮಣ್ಣಿಗೂ ಪಾಲುಂಟು. ಚಂದ್ರಯಾನ-2ರ ಸಿದ್ಧತೆಗಾಗಿ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಿ, ನೌಕೆಯ ಕಣ್ಣುಗಳಾದ ಉಪಕರಣಗಳನ್ನು ಪರೀಕ್ಷಿಸಿದರು. ಅದೇ ತಾಲ್ಲೂಕಿನ ವಿಮಾನ ಪರೀಕ್ಷಾಕ್ಷೇತ್ರದಲ್ಲಿ ಪುಷ್ಪಕವೆಂಬ ರೆಕ್ಕೆಯ ವಾಹನವನ್ನು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಹೆಲಿಕಾಪ್ಟರಿನಿಂದ ಮೇಲಕ್ಕೊಯ್ದು ಬಿಟ್ಟರು. ಮೂರನೆಯ ಸಲ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ, ಓಡುಪಥದ ನೇರಕ್ಕಿಂತ 500 ಮೀಟರು ಪಕ್ಕಕ್ಕೆ, ಬೇಕೆಂತಲೇ ತಪ್ಪಾಗಿ ಬಿಟ್ಟರು. ಚಾಲಕನಿಲ್ಲದ ಆ ವಾಹನವು ಗಾಳಿಯನ್ನೆದುರಿಸಿ, ತನ್ನ ದಾರಿಯನ್ನು ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುಪಥದ ನಡುಗೆರೆಯ ಮೇಲೆಯೇ ಇಳಿಯಿತು. ತಪ್ಪನ್ನು ತಾವಾಗಿ ಒಡ್ಡಿ ಪರೀಕ್ಷಿಸದಿದ್ದರೆ, ತಪ್ಪು ತಾನಾಗಿ ಬಂದಾಗ ಏನಾಗುವುದೆಂಬುದು ತಿಳಿಯುವುದೆಂತು?

ಸದ್ಭಕ್ತರೇ, ಪಾಠಶಾಲೆಯ ಗುರುವು ಶಿಷ್ಯನನ್ನು ಪರವೂರಿಗೆ ಕಳುಹಿಸುವಾಗ ಕಷ್ಟ ಬಂದ ಹೊತ್ತಿನಲ್ಲಿ ತಾನು ಪಕ್ಕದಲ್ಲಿರುವುದಿಲ್ಲವೆಂಬುದನ್ನು ಬಲ್ಲನು. ಕಲಿಸಬೇಕಾದುದನ್ನು ಕಳುಹುವ ಮುನ್ನವೇ ಕಲಿಸಿರಬೇಕು. ಕಳುಹಿದ ಮೇಲೆ ನಂಬಬೇಕು. ಎಂಜಿನಿಯರಿನ ಸ್ಥಿತಿಯೂ ಅಂತಹುದೇ. ತಾನು ಕಟ್ಟಿದುದು ಕೆಡಲಾರದೆಂಬ ಅಭಿಮಾನವುಳ್ಳವನು ಕೋಡಿಯಿಲ್ಲದ ಕಟ್ಟೆಯನ್ನು ಕಟ್ಟುವನು. ತನ್ನ ಕೆಲಸದಲ್ಲಿಯೂ ತಪ್ಪಿರಬಹುದೆಂದು ಮೊದಲೇ ಒಪ್ಪಿಕೊಂಡವನ ನೌಕೆಯು, ಅವನ ಕೈ ಮುಟ್ಟಲಾರದ ದೂರದಲ್ಲಿಯೂ ದಡ ಸೇರುವುದು. ಈ ಮಠದ ನೆರಳಿನಲ್ಲಿ ಓದುತ್ತಿರುವ ಮಕ್ಕಳು ಈ ವಿನಯವನ್ನೂ ವಿದ್ಯೆಯೊಡನೆ ಕಲಿಯಲೆಂದು ಹಾರೈಸಿ, ಈ ಮಾತುಗಳನ್ನು ಶ್ರೀಗಳವರ ಪಾದಗಳಲ್ಲಿ ಅರ್ಪಿಸಲಾಗಿದೆ.